ಮೇಸ್ತ್ರಿಗೆ ಕೊಟ್ಟ ಬೂಟು

ಹೋದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ, ಜಪಾನಿನ ಸಗಮಿಹಾರಾದ ನಮ್ಮ ಮನೆಯಲ್ಲಿ ದೋಸೆಗೆಂದು ಕಾವಲಿ ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ನಿಂತುಬಿಟ್ಟಿದ್ದೆ. ತಿರುಗಿ ನೋಡುವಷ್ಟರಲ್ಲಿ ಕಾವಲಿ ಹೊಗೆಯಾಡುತ್ತಿತ್ತು. ಅಮ್ಮ ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದುಕೊಟ್ಟ ದಪ್ಪ ಕಬ್ಬಿಣದ ಕಾವಲಿ ಅದು, ಸುಲಭಕ್ಕೆ ತಣಿಯುವುದಲ್ಲ. ಒಂದು ಲೋಟ ನೀರನ್ನೇ ಸುರಿದೆ. ಭುಸ್ಸೆಂದು ಹಬೆ ಎದ್ದು, ಕಾದ ಕಬ್ಬಿಣಕ್ಕೆ ನೀರು ಬಿದ್ದ ವಾಸನೆ ಅಡುಗೆಮನೆಯೆಲ್ಲ ತುಂಬಿಕೊಂಡಿತು. ಒಂಬತ್ತು ವರ್ಷದ ಮಗಳು ಮೂಗು ಮುಚ್ಚಿಕೊಂಡು ಬಂದು, "ಮಮ್ಮಾ, ಕುಸಾಯ್! ವಿಂಡೋ ಓಪನ್ ಮಾಡ್ಲಾ?" ಎಂದಳು. ಆ ವಾಸನೆಯನ್ನು ನಾನು ಅಷ್ಟು ದಟ್ಟವಾಗಿ ಮೂಸಿದ್ದು ಇನ್ನೊಂದೇ ಕಡೆ. ಕ್ಯೂಶೂ ದ್ವೀಪದ ಒಂದು ಬಂದರಿನಲ್ಲಿ, ಹಡಗಿನ ಉಕ್ಕಿನ ಪ್ಲೇಟುಗಳನ್ನು ಬಗ್ಗಿಸುತ್ತಿದ್ದ ಒಂದು ಹಳೆಯ ಶೆಡ್ಡಿನಲ್ಲಿ. ಅಲ್ಲಿನ ಮೇಸ್ತ್ರಿ ಒಂದು ಕೈಯಲ್ಲಿ ಬೆಂಕಿ, ಇನ್ನೊಂದು ಕೈಯಲ್ಲಿ ನೀರು ಹಿಡಿದು ದಿನವಿಡೀ ಇದೇ ವಾಸನೆ ಎಬ್ಬಿಸುತ್ತಿದ್ದರು.

ಊರಿನ ಹೆಸರು ಬೇಡ. ಅಂಥ ಊರುಗಳು ಆ ಕರಾವಳಿಯಲ್ಲಿ ನಾಲ್ಕಾರಿವೆ, ಎಲ್ಲದರ ಹಣೆಬರಹವೂ ಹೆಚ್ಚುಕಡಿಮೆ ಒಂದೇ. ಮೊದಲು ಕಲ್ಲಿದ್ದಲು ಊರನ್ನು ಉದ್ಧಾರ ಮಾಡುತ್ತದೆ ಎಂದರು. ಗಣಿ ಮುಚ್ಚಿದ ಮೇಲೆ ಹಡಗು ಉದ್ಧಾರ ಮಾಡುತ್ತದೆ ಎಂದರು. ಹಡಗಿನ ಆರ್ಡರುಗಳೆಲ್ಲ ಸಮುದ್ರದಾಚೆಯ ದೇಶಗಳ ಪಾಲಾದ ಮೇಲೆ, ಪ್ರವಾಸಿಗರು ಬಂದು ಉದ್ಧಾರ ಮಾಡುತ್ತಾರೆ ಎಂದು ಹೇಳತೊಡಗಿದರು. ಪ್ರತಿ ಸಲವೂ ಹೇಳಿದವರು ಬೇರೆ ಊರಿನವರು, ಕೇಳಿ ಗೋಣಾಡಿಸಿದವರು ಇದೇ ಊರಿನವರು.

ನಾನು ಅಲ್ಲಿಗೆ ಹೋದದ್ದು ದೊಡ್ಡ ಭೂಕಂಪವಾಗಿ ನಾಲ್ಕು ವರ್ಷದ ಮೇಲೆ. ಅಣು ಸ್ಥಾವರಗಳೆಲ್ಲ ನಿಂತು, ದೇಶಪೂರ್ತಿ ಮತ್ತೆ ಕಲ್ಲಿದ್ದಲು ಸುಡುತ್ತಿದ್ದ ಕಾಲ. ಆಸ್ಟ್ರೇಲಿಯಾದ ಕಲ್ಲಿದ್ದಲು, ಇನ್ಯಾವುದೋ ದೇಶದಲ್ಲಿ ಕಟ್ಟಿದ ಹಡಗಿನಲ್ಲಿ ಬಂದು ಆ ಬಂದರಿನಲ್ಲಿ ಇಳಿಯುತ್ತಿತ್ತು. ಆ ಊರಿನ ಕಾಲ ಕೆಳಗೇ ಕಲ್ಲಿದ್ದಲಿತ್ತು, ಕಣ್ಣೆದುರೇ ಹಡಗು ಕಟ್ಟುವ ಹಡಗುಕಟ್ಟೆಯಿತ್ತು. ಪುರಸಭೆಯವರಿಗೆ ಇದರಲ್ಲಿ ನಾಚಿಕೆಪಡುವಂಥದ್ದೇನೂ ಕಾಣಲಿಲ್ಲ. ಅವರು ಆಗ ಊರಿನ ಗುರುತಿಗೆಂದು, ಒಳಗೆ ಮನುಷ್ಯ ಹೊಕ್ಕು ಕುಣಿಸುವ ಒಂದು ಗೊಂಬೆ ಮಾಡಿಸುವುದರಲ್ಲಿ ಮುಳುಗಿದ್ದರು. ಕಲ್ಲಿದ್ದಲಿನ ಒಂದು ಉಂಡೆ, ಅದಕ್ಕೆ ದೊಡ್ಡ ದೊಡ್ಡ ಕಣ್ಣು, ಗುಲಾಬಿ ಕೆನ್ನೆ, ತಲೆಗೊಂದು ನಾವಿಕನ ಟೋಪಿ. ಎದೆಯಲ್ಲಿ ಆ ಧೂಳು ತುಂಬಿಕೊಂಡು ಕೆಮ್ಮಿ ಕೆಮ್ಮಿ ಸತ್ತವರ ಮೊಮ್ಮಕ್ಕಳಿಗೆ ರೈಲು ನಿಲ್ದಾಣದಲ್ಲಿ ಆ ಉಂಡೆ ಕೈಬೀಸಿ ಬಲೂನು ಹಂಚುತ್ತಿತ್ತು. ನನಗೂ ಒಂದು ಕೊಟ್ಟಿತು, ನಾನೂ "ಅರಿಗಾತೋ" ಎಂದು ಧನ್ಯವಾದ ಹೇಳಿ ಇಸಿದುಕೊಂಡೆ.

ಆಗ ನನಗೆ ಒಸಾಕಾದ ಒಂದು ಸಲಹಾ ಕಂಪನಿಯಲ್ಲಿ ಕೆಲಸ. ಮನುಷ್ಯರ ಕೈಕಾಲಿನ ಚಲನೆಯನ್ನು ಸೆನ್ಸರುಗಳಿಂದ ಅಳೆಯುವ ವಿಷಯದಲ್ಲಿ ನನ್ನ ಪಿಎಚ್‌ಡಿ. ಅದನ್ನು ನಂಬಿ ವರ್ಷದ ಒಪ್ಪಂದದ ಮೇಲೆ ತೆಗೆದುಕೊಂಡಿದ್ದರು. ಗಂಡ ದೂರದ ವಾಕೋ ಎಂಬ ಊರಿನಲ್ಲಿ ಸಂಶೋಧನೆಯಲ್ಲಿದ್ದರು, ನಾನು ಒಸಾಕಾದಲ್ಲಿ, ತಿಂಗಳಿಗೆರಡು ಸಲ ಭೇಟಿ. ನಮ್ಮ ಮ್ಯಾನೇಜರ್ ಒಸಾಕಾದವರೇ. ಯಾವಾಗಲೂ ನಗುಮುಖ, ಗಟ್ಟಿಯಾಗಿ ಇಸ್ತ್ರಿಯಾದ ಶರ್ಟು, ಮಾತಿಗೊಮ್ಮೆ "ಪುನರುಜ್ಜೀವನ" ಎಂಬ ಪದ. ಸಾಯಿಸುವವರ ಬಾಯಲ್ಲೇ ಆ ಪದ ಅಷ್ಟು ಸಲೀಸಾಗಿ ಬರುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಮಗೆ ವಹಿಸಿದ್ದ ಕೆಲಸ ಇಷ್ಟೇ. ಆ ಹಡಗುಕಟ್ಟೆ ನಷ್ಟದಲ್ಲಿತ್ತು. ಸಮುದ್ರದಂಚಿನ ಜಾಗವನ್ನು ಮಾಲು, ಅಪಾರ್ಟ್‌ಮೆಂಟು, ಚೌಕ ಎಂದೆಲ್ಲ ಬದಲಾಯಿಸುವ ಯೋಜನೆ ತಯಾರಾಗುತ್ತಿತ್ತು. ಆದರೆ ಪ್ಲೇಟು ಬಗ್ಗಿಸುವ ಶೆಡ್ಡನ್ನೂ ಅದರ ಏಳು ಜನರನ್ನೂ ಉಳಿಸಿಕೊಂಡು, ಸಣ್ಣ ಹಡಗುಗಳ ಕೆಲಸ ಮುಂದುವರಿಸಬಹುದೇ ಎಂಬ ಪ್ರಶ್ನೆ ಬಾಕಿ ಇತ್ತು. ಮೇಸ್ತ್ರಿಯ ಕೈಗೆ ಸೆನ್ಸರ್ ಕಟ್ಟಿ, ಅವರು ಒಂದು ಪ್ಲೇಟು ಬಗ್ಗಿಸುವುದನ್ನು ಅಳೆದು, ಈ ಕಸುಬು ನಂಬುವಂಥದ್ದೇ, ಮುಂದೆ ಯಂತ್ರಕ್ಕೆ ಕಲಿಸುವಂಥದ್ದೇ ಎಂದು ನಾವು ಬರೆದುಕೊಡಬೇಕು. ಹೌದು ಎಂದರೆ ಶೆಡ್ಡು ಉಳಿಯುತ್ತದೆ. ಇಲ್ಲ ಎಂದರೆ ಅದೂ ಚೌಕದೊಳಗೆ ಸೇರಿ ನೆಲಸಮ. ವರದಿ ಬರೆಯುವವಳು ನಾನು.

ಮೇಸ್ತ್ರಿಯನ್ನು ಅಲ್ಲಿ ಎಲ್ಲರೂ "ಬೋಶಿನ್" ಎನ್ನುತ್ತಿದ್ದರು, ಆಳುಗಳ ಗುಂಪಿಗೆ ಮುಂದಾಳು ಎಂಬರ್ಥದಲ್ಲಿ. ನಾನೂ ಹಾಗೇ ಕರೆಯುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಮೇಸ್ತ್ರಿ ಎಂದೇ ಅನ್ನಿಸುತ್ತಿತ್ತು, ನಮ್ಮ ಕಡೆಯ ಗಾರೆ ಮೇಸ್ತ್ರಿಗಳ ಗತ್ತೇ ಅವರದ್ದು. ವಯಸ್ಸು ಎಪ್ಪತ್ತರ ಹತ್ತಿರ, ಕುಳ್ಳು, ಬೆಂಕಿಗೆ ಹುಬ್ಬು ಅರ್ಧ ಸುಟ್ಟಿದ್ದ ಮುಖ. ಅವರನ್ನು ದೊಡ್ಡ ಮನುಷ್ಯ ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಸಿಡುಕು ಮೂತಿ. ಕಲಿಯಲು ಬಂದ ಹುಡುಗರನ್ನು ಬೈದು ಬೈದು ಓಡಿಸಿದ್ದರು. ಕಲಿಸುವುದು ಅವರಿಗೆ ಬರುತ್ತಲೇ ಇರಲಿಲ್ಲ, ತಪ್ಪಾದಾಗ ಬೈಯುವುದೊಂದೇ ಪಾಠ. ಸ್ವಂತ ಅಪ್ಪ ಗಣಿಯಲ್ಲಿ ಜೀವ ಸವೆಸಿದವರು, ಅವರ ಬಗ್ಗೆಯೂ ಮೇಸ್ತ್ರಿಗೆ ಮರ್ಯಾದೆಯಿರಲಿಲ್ಲ. "ಕತ್ತಲಲ್ಲಿ ಅಗೆಯೋಕೆ ಏನು ತಲೆ ಬೇಕು?" ಎಂದು ಒಮ್ಮೆ ನನ್ನೆದುರೇ ಹೇಳಿದ್ದರು. ನನ್ನ ಹೆಸರು ಕೇಳಿಕೊಂಡರು, ಒಂದು ಸಲವೂ ಬಳಸಲಿಲ್ಲ. ಅವರಿಗೆ ನಾನು "ಇಂದೋ-ಸಾನ್", ಇಂಡಿಯಾದವಳು ಅಷ್ಟೇ.

ಆದರೆ ಕೆಲಸ... ಹಡಗಿನ ಮೂತಿಗೆ ಕೂರುವ ಪ್ಲೇಟು ಒಂದೇ ದಿಕ್ಕಿಗೆ ಬಾಗಿದರೆ ಸಾಲದು, ಎರಡು ದಿಕ್ಕಿಗೂ ಬಾಗಬೇಕು. ಒಂದು ಬಾಗನ್ನು ಯಂತ್ರ ಒತ್ತಿ ಕೊಡುತ್ತದೆ. ಎರಡನೆಯದನ್ನು ತರುವುದು ಬೆಂಕಿ ಮತ್ತು ನೀರು. ಮೇಸ್ತ್ರಿ ಪ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಗೆರೆಯುದ್ದಕ್ಕೂ ಗ್ಯಾಸಿನ ಉರಿ ಓಡಿಸುತ್ತಿದ್ದರು. ಉರಿಯ ಹಿಂದೆಯೇ, ಒಂದು ಗೇಣು ಬಿಟ್ಟು, ಪೈಪಿನ ನೀರು. ಕಾದ ಜಾಗ ತಣಿಯುತ್ತ ಕುಗ್ಗುತ್ತದೆ, ಕುಗ್ಗುತ್ತ ಪ್ಲೇಟನ್ನು ಎಳೆದುಕೊಳ್ಳುತ್ತದೆ, ಆ ದಪ್ಪ ಉಕ್ಕು ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಮೇಲೇಳುತ್ತದೆ. ಸುತ್ತಿಗೆ ಇಲ್ಲ, ಸದ್ದಿಲ್ಲ. ಕೊನೆಗೆ ಮರದ ಅಚ್ಚನ್ನು ಅಡ್ಡಲಾಗಿ ಇಟ್ಟು ನೋಡಿದರೆ, ಅಚ್ಚಿಗೂ ಉಕ್ಕಿಗೂ ನಡುವೆ ಬೆಳಕೂ ತೂರುತ್ತಿರಲಿಲ್ಲ.

ಮೊದಲ ವಾರವೆಲ್ಲ ನಾನು ಅವರ ಕೈಯನ್ನೇ ನೋಡುತ್ತಿದ್ದೆ, ಎಲ್ಲರೂ ನೋಡುವುದು ಕೈಯನ್ನೇ. ಆಮೇಲೊಂದು ದಿನ ಗಮನಕ್ಕೆ ಬಂತು. ಒಂದು ಗೆರೆ ಮುಗಿಸಿದ ಮೇಲೆ ಅವರು ಉರಿ ಆರಿಸಿ, ಪ್ಲೇಟಿನ ಮೇಲೇ ಹೋಗಿ ಸುಮ್ಮನೆ ನಿಲ್ಲುತ್ತಿದ್ದರು. ಕೆಲವೊಮ್ಮೆ ಒಂದೆರಡು ಹೆಜ್ಜೆ ಸರಿಯುತ್ತಿದ್ದರು, ಮತ್ತೆ ನಿಲ್ಲುತ್ತಿದ್ದರು. ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಕಾಲಿಗೆ ಹಾಕಿಕೊಂಡಿದ್ದು ಜಿಕಾತಬಿ, ಹೆಬ್ಬೆರಳಿಗೆ ಬೇರೆ ಗೂಡಿರುವ, ಕಾಗದದಷ್ಟು ತೆಳು ರಬ್ಬರಿನ ಅಟ್ಟೆಯ ಬಟ್ಟೆ ಪಾದರಕ್ಷೆ. ಏಕೆ ನಿಲ್ಲುತ್ತೀರಿ ಎಂದು ಕೇಳಿದೆ. ಅವರು ನನ್ನ ಬೂಟಿನತ್ತ ಗದ್ದ ಚಾಚಿ, "ಬಿಚ್ಚಿ, ಹತ್ತಿ" ಎಂದರು.

ಕಾಲುಚೀಲದಲ್ಲಿ ಪ್ಲೇಟಿನ ಮೇಲೆ ನಿಂತೆ. ನೀರು ಹರಿದು ತಣ್ಣಗಾದ ಮೂಲೆ ಅದು. ಏನೂ ತಿಳಿಯಲಿಲ್ಲ. ಮುಜುಗರವಾಗಿ ಇಳಿಯಹೊರಟೆ, ಕೈ ಅಡ್ಡ ಹಿಡಿದರು. ಆಮೇಲೆ ಅಂಗಾಲಿನಡಿ ಏನೋ ಸಣ್ಣಗೆ ಸರಿದಂತೆ... ಬಸ್ಸು ಹೊರಡುವ ಮುಂಚೆ ನೆಲ ಅದುರುತ್ತದಲ್ಲ, ಅದಕ್ಕಿಂತಲೂ ಎಷ್ಟೋ ಸಣ್ಣದು. ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು.

"ಇನ್ನೂ ಹೋಗ್ತಾ ಇದೆ. ಅದು ನಿಂತ ಮೇಲೇನೇ ಮುಂದಿನ ಗೆರೆ. ಮುಂಚೆ ಎಳೆದ್ರೆ ಪ್ಲೇಟು ಹಾಳು" ಎಂದರು.

ಹದಿನೈದು ದಿನದಲ್ಲಿ ಅವರು ನನಗೆ ಹೇಳಿಕೊಟ್ಟದ್ದು ಅಷ್ಟೇ. ನಮ್ಮಲ್ಲಿ ಹೆಂಗಸರು ಕಾವಲಿಗೆ ನೀರು ಚಿಮುಕಿಸಿ ಹದ ನೋಡುತ್ತಾರೆ ಎಂದು ನಾನು ಹೇಳಿದೆ. ದೋಸೆ ಎಂದರೇನು ಎಂದು ಕೈಯಲ್ಲೇ ತಿರುಗಿಸಿ ತೋರಿಸಿದೆ. "ಅವ್ರನ್ನ ಕರ್ಕೊಂಡ್ ಬನ್ನಿ, ಈ ಹುಡುಗರಿಗಿಂತ ಬೇಗ ಕಲೀತಾರೆ" ಎಂದು ಗೊಣಗಿದರು. ಅದೇ ಹೊತ್ತಿಗೆ ಮೇಸ್ತ್ರಿಯ ಹೆಂಡತಿ ಮಧ್ಯಾಹ್ನದ ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ದಿನಾ ಸೈಕಲ್ ತುಳಿದುಕೊಂಡು ಬಂದು ಕೊಟ್ಟುಹೋಗುತ್ತಿದ್ದವರು. ನಾನು ಮೀನು, ಮಾಂಸ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ನನಗಾಗಿ ಬೇಯಿಸಿದ ಗೆಣಸನ್ನೋ, ಎರಡು ಕಿತ್ತಳೆಯನ್ನೋ ಕಟ್ಟಿ ತರುತ್ತಿದ್ದರು. ಅವರನ್ನು ನಾನು "ಓಕುಸಾನ್" ಎನ್ನುತ್ತಿದ್ದೆ, ನಮ್ಮ ಕಡೆ ಮನೆಯೊಡತಿಯನ್ನು ಅಮ್ಮಾವ್ರೇ ಎನ್ನುವ ಹಾಗೆ. ಆ ದಿನ ನಾನು ಬೂಟು ಬಿಚ್ಚಿ ಪ್ಲೇಟಿನ ಮೇಲಿದ್ದುದನ್ನು ಕಂಡು ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದರು.

ಇಷ್ಟು ಗೊತ್ತಿದ್ದವಳು ನಾನು.

ನಮ್ಮ ಮ್ಯಾನೇಜರ್ ಪರೀಕ್ಷೆಯ ದಿನ ಹತ್ತಿರ ಬಂದಾಗ ಒಸಾಕಾದಿಂದ ಇಳಿದರು. ಶೆಡ್ಡಿನೊಳಗೆ ಒಂದು ಸುತ್ತು ಹಾಕಿದರು. ಐವತ್ತು ವರ್ಷದ ಕಸುಬಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದೇ, ಮೇಸ್ತ್ರಿಯ ಕಾಲಿನ ಆ ಬಟ್ಟೆಯ ಜೋಡು. ವಿಡಿಯೋವನ್ನು ಪುರಸಭೆಯವರು, ಬ್ಯಾಂಕಿನವರು ನೋಡುತ್ತಾರೆ. ಸುರಕ್ಷತಾ ಬೂಟಿಲ್ಲದೆ ಚಿತ್ರೀಕರಿಸಿದರೆ ಏನೆಂದುಕೊಳ್ಳುತ್ತಾರೆ? ಎರಡೇ ದಿನದಲ್ಲಿ ಹೊಸ ಬೂಟು ಬಂತು. ಮುಂಗಾಲಿಗೆ ಉಕ್ಕಿನ ಟೊಪ್ಪಿಗೆ, ಎರಡು ಬೆರಳು ದಪ್ಪದ ಅಟ್ಟೆ. ಸುಮ್ಮನೆ ಕೈಗೆ ಕೊಟ್ಟಿದ್ದರೆ ಮೇಸ್ತ್ರಿ ಮೂಲೆಗೆಸೆದು, ಎರಡು ಬೈಗಳು ಬೈದು ಮುಗಿಸುತ್ತಿದ್ದರು. ಹಾಗಾಗಲಿಲ್ಲ. ಉಡುಗೊರೆಯ ಬಿಳಿ ಕಾಗದ ಸುತ್ತಿ, ಮೇಲೆ ಕೆಂಪು ಬಿಳಿ ದಾರ ಕಟ್ಟಿ, ಹಡಗುಕಟ್ಟೆಯ ಯಜಮಾನರ ಕೈಯಿಂದಲೇ, ಎಲ್ಲ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ ಕೊಡಿಸಿದರು. ಯಜಮಾನರು ಬಾಗಿದರು. ಮೇಸ್ತ್ರಿ ಎರಡೂ ಕೈಯಿಂದ ತೆಗೆದುಕೊಂಡು ಅವರಿಗಿಂತ ಕೆಳಕ್ಕೆ ಬಾಗಿದರು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು, ನಾವೆಲ್ಲ ತಟ್ಟಿದೆವು.

ಹಾಗೆ ಕೊಟ್ಟ ವಸ್ತುವನ್ನು ಕೊಟ್ಟವರ ಎದುರು ಹಾಕಿಕೊಳ್ಳದೆ ಇರುವುದು ಅಲ್ಲಿ ಆಗದ ಮಾತು. ಇಡೀ ಊರಿಗೆ ಬೈಯುತ್ತಿದ್ದ ಬಾಯಿ, ಒಂದು ಪೊಟ್ಟಣದ ಮುಂದೆ ಮುಚ್ಚಿಹೋಯಿತು. ನನಗೆ ಮೇಸ್ತ್ರಿಯ ಮೇಲೆ ಈಗಲೂ ಸಿಟ್ಟು ಬರುವುದು ಇದಕ್ಕೇ. ಸುಮಿಮಾಸೆನ್, ಕ್ಷಮಿಸಿ, ಇದು ಹಾಕಿಕೊಂಡರೆ ನನಗೆ ಕೆಲಸ ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ನಾಲಗೆ ಸವೆಯುತ್ತಿತ್ತೇ?

ಪರೀಕ್ಷೆಯ ದಿನ ಶೆಡ್ಡಿನಲ್ಲಿ ಮಡಚುವ ಕುರ್ಚಿಗಳನ್ನು ಹಾಕಿದ್ದರು. ಹೊಸ ಬಿಳಿ ಹೆಲ್ಮೆಟ್ ತೊಟ್ಟ ಬ್ಯಾಂಕಿನವರು, ಪುರಸಭೆಯವರು ಬಂದು ಕೂತರು, ತಲೆಗೊಂದು ಚಹಾದ ಬಾಟಲಿ. ಬೆಂಕಿ ಕಂಡಾಗ ಮದುವೆಮನೆಗೆ ಬಂದವರ ಹಾಗೆ ಫೋನೆತ್ತಿ ಫೋಟೋ ತೆಗೆದುಕೊಂಡರು. ನಾನು ಮೇಸ್ತ್ರಿಯ ಎರಡೂ ಕೈಗೆ, ಬೆರಳ ತುದಿಯಿಂದ ಭುಜದವರೆಗೆ, ಹದಿನಾಲ್ಕು ಸೆನ್ಸರ್ ಕಟ್ಟಿದ್ದೆ. ಸೊಂಟದಿಂದ ಕೆಳಗೆ ಒಂದೂ ಇರಲಿಲ್ಲ. ಕೈಕೆಲಸ ಎಂದ ಮೇಲೆ ಕೈಯನ್ನು ಅಳೆದರೆ ಸಾಕು ಎಂದು ಒಸಾಕಾದಲ್ಲಿ ಕೂತು ತೀರ್ಮಾನಿಸಿದ್ದೆವು. ಆ ತೀರ್ಮಾನದ ಕಾಗದದಲ್ಲಿ ನನ್ನ ಸಹಿಯೂ ಇತ್ತು.

ಮೊದಲ ಗೆರೆ ಸರಿಯಾಗಿಯೇ ಮುಗಿಯಿತು. ಮೇಸ್ತ್ರಿ ಉರಿ ಆರಿಸಿ ಪ್ಲೇಟಿನ ಮೇಲೆ ಹೋಗಿ ನಿಂತರು. ನಿಂತೇ ಇದ್ದರು. ಒಂದು ಕಾಲೆತ್ತಿ ಬೇರೆ ಕಡೆ ಇಟ್ಟರು, ಮತ್ತೆ ಎತ್ತಿ ಇನ್ನೊಂದು ಕಡೆ ಇಟ್ಟರು. ಕತ್ತಲ ಕೋಣೆಯಲ್ಲಿ ಸ್ವಿಚ್ಚು ತಡಕುವವರ ಹಾಗೆ ಆ ದಪ್ಪ ಬೂಟಿನಿಂದ ಪ್ಲೇಟನ್ನು ತಡಕುತ್ತಿದ್ದರು. ಆಗ ನನಗೆ ಹೊಳೆಯಿತು. ನಾನು ಅವರ ಕಾಲನ್ನು ನೋಡಿದೆ, ನಾನು ನೋಡಿದ್ದನ್ನು ಅವರು ನೋಡಿದರು. ನಾನು ಕೈಯೆತ್ತಿ ನಿಲ್ಲಿಸಿ ಎನ್ನಬಹುದಿತ್ತು. ಮ್ಯಾನೇಜರ್ ಗಡಿಯಾರ ನೋಡಿಕೊಂಡು, "ದಯವಿಟ್ಟು ಮುಂದುವರಿಸಿ, ಅತಿಥಿಗಳಿಗೆ ರೈಲಿದೆ" ಎಂದರು. ಮೇಸ್ತ್ರಿ ಕೆಳಗಿಳಿದು ಎರಡನೆಯ ಗೆರೆಗೆ ಉರಿ ಹಚ್ಚಿದರು. ಆಮೇಲೆ ಮೂರನೆಯದಕ್ಕೆ.

ಮಧ್ಯಾಹ್ನದ ಹೊತ್ತಿಗೆ ಪ್ಲೇಟಿನ ಒಂದು ಮೂಲೆ ಬೇಕಾದ್ದಕ್ಕಿಂತ ಮೇಲಕ್ಕೆದ್ದು ಕೂತಿತ್ತು. ಮರದ ಅಚ್ಚು ಇಟ್ಟರೆ ನಡುವೆ ಮೂರು ಬೆರಳು ತೂರುತ್ತಿತ್ತು. ಕಡಿಮೆ ಬಾಗಿದರೆ ಇನ್ನೊಂದು ಗೆರೆ ಎಳೆಯಬಹುದು, ಹೆಚ್ಚಾದದ್ದನ್ನು ತಿರುಗಿ ತರುವುದು ಕಷ್ಟ. ಅತಿಥಿಗಳಿಗೆ ಅದೇನೂ ತಿಳಿಯಲಿಲ್ಲ, ಪ್ಲೇಟು ಬಾಗಿದ್ದು ಕಂಡು ಅವರು ಸಂತೋಷದಿಂದಲೇ ಹೊರಟರು. ಶೆಡ್ಡಿನ ಉಳಿದ ಆರು ಜನ ಮಾತ್ರ ನೆಲ ನೋಡುತ್ತ ನಿಂತಿದ್ದರು. ಐವತ್ತು ವರ್ಷದಲ್ಲಿ ಅವರ ಬೋಶಿನ್ ಪ್ಲೇಟು ಕೆಡಿಸಿದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.

ಸೆನ್ಸರ್ ಬಿಚ್ಚಿಕೊಳ್ಳಲು ಹೋದಾಗ ಮೇಸ್ತ್ರಿ ಹೊರಗೆ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಸಡಿಲಿಸುತ್ತಿದ್ದರು. ಹೊಸ ಲೇಸು, ಗಂಟು ಬಿಗಿದುಕೊಂಡಿತ್ತು. ತಲೆಯೆತ್ತದೆ, "ಇಂದೋ-ಸಾನ್, ನೀವು ನೋಡಿದ್ರಿ" ಎಂದರು. ಪ್ರಶ್ನೆಯಲ್ಲ. ನಾನು ಹೂಂ ಎಂದು ತಲೆಯಾಡಿಸಿದೆ. ಅವರು ಬೂಟನ್ನು ಜೋಡಿಸಿ ಪಕ್ಕಕ್ಕಿಟ್ಟು ಒಳಗೆ ಹೋದರು.

ಅದೇ ಸಂಜೆ ಹೋಟೆಲಿನ ಲಾಬಿಯಲ್ಲಿ ಮ್ಯಾನೇಜರ್‌ಗೆ ಹೇಳಿದೆ. ಅಷ್ಟರ ಮಟ್ಟಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಪಾದದ ಡೇಟಾ ಇದೆಯಾ?" ಎಂದರು.

"ಇಲ್ಲ."

"ಹಾಗಿದ್ರೆ ಅದು ಅಭಿಪ್ರಾಯ. ವರದಿಯಲ್ಲಿ ನಾವು ಅಭಿಪ್ರಾಯ ಬರೆಯೋದಿಲ್ಲ."

ಅವರ ಲ್ಯಾಪ್‌ಟಾಪಿನಲ್ಲಿ ಮುಂದಿನ ಸಭೆಯ ಚಿತ್ರ ತೆರೆದೇ ಇತ್ತು. ಸಮುದ್ರದಂಚಿನ ಚೌಕ, ಮರಗಳು, ನಾಯಿಮರಿ ಹಿಡಿದು ನಡೆಯುವ ಬಣ್ಣದ ಮನುಷ್ಯರು. ಶೆಡ್ಡು ಇದ್ದ ಜಾಗದಲ್ಲಿ ಒಂದು ಐಸ್‌ಕ್ರೀಮ್ ಗಾಡಿ. ಪರೀಕ್ಷೆ ನಡೆದು ನಾಲ್ಕು ತಾಸೂ ಆಗಿರಲಿಲ್ಲ, ಆ ಚಿತ್ರವನ್ನಂತೂ ನಾಲ್ಕು ತಾಸಿನಲ್ಲಿ ಬರೆದಿರಲಾರರು. ತೀರ್ಪು ಮುಂಚೆಯೇ ಆಗಿತ್ತು, ನಮ್ಮದು ಬರೀ ಎಲೆ ಎತ್ತುವ ಕೆಲಸ. ಇದನ್ನು ನಾನು ಎಷ್ಟೋ ವರ್ಷ ಸಮಾಧಾನಕ್ಕೆ ಹೇಳಿಕೊಂಡೆ. ನಾನು ಬರೆದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು. ಬಹುಶಃ ನಿಜವೂ ಇರಬಹುದು... ಆದರೆ ಅದು ಗೊತ್ತಾಗಬೇಕಿದ್ದರೆ ಬರೆಯಬೇಕಿತ್ತು.

ವಾಕೋಗೆ ಫೋನ್ ಮಾಡಿದೆ. ಗಂಡ ಎಲ್ಲ ಕೇಳಿ, "ನೋಡು, ಅದು ನಿನ್ ಸ್ಕೋಪ್ ಅಲ್ಲ. ಕಾಂಟ್ರಾಕ್ಟ್ ರಿನ್ಯೂ ಆಗೋ ಟೈಮಲ್ಲಿ ಯಾಕ್ ಬೇಕು ಹೇಳು? ಮಗು ಬೇರೆ ಬರ್ತಿದೆ. ರಿಪೋರ್ಟ್ ಕೊಟ್ಟು ಬಂದ್ಬಿಡು" ಎಂದರು. ನನಗೆ ಆಗ ಮೂರು ತಿಂಗಳು, ಕಂಪನಿಗೆ ಇನ್ನೂ ಹೇಳಿರಲಿಲ್ಲ. ಗಂಡನ ಮೇಲೆ ಹಾಕಿ ಕೈತೊಳೆದುಕೊಳ್ಳುವುದಿಲ್ಲ. ಆ ಮಾತನ್ನು ಅವರ ಬಾಯಿಂದ ಕೇಳಬೇಕೆಂದೇ ನಾನು ಫೋನ್ ಮಾಡಿದ್ದು.

ವರದಿ ನಲವತ್ತು ಪುಟವಾಯಿತು. ಗ್ರಾಫುಗಳು ಚೆನ್ನಾಗಿ ಬಂದಿದ್ದವು. ಕೊನೆಯ ಪುಟದಲ್ಲಿ, ಕೆಲಸಗಾರನ ಕೌಶಲ್ಯದಲ್ಲಿ ಏಕರೂಪತೆ ಕಂಡುಬರಲಿಲ್ಲ ಎಂದು ಬರೆದೆ. ಬೂಟಿನ ಬಗ್ಗೆ ಅಡಿಟಿಪ್ಪಣಿಯಲ್ಲೊಂದು ಸಾಲು ಹಾಕಿದ್ದೆ, ಕಳಿಸುವ ಮುಂಚೆ ಅಳಿಸಿದೆ. ಯಾರೂ ಅಳಿಸು ಎನ್ನಲಿಲ್ಲ, ಮ್ಯಾನೇಜರ್ ಆ ಕರಡನ್ನು ನೋಡಿರಲೂ ಇಲ್ಲ. ನಾನೇ ಅಳಿಸಿದೆ. ಒಪ್ಪಂದ ಇನ್ನೊಂದು ವರ್ಷಕ್ಕೆ ಮುಂದುವರಿಯಿತು.

ಶೆಡ್ಡು ಆ ವರ್ಷವೇ ಮುಚ್ಚಿತೆಂದು ಒಂದು ಈಮೇಲಿನಲ್ಲಿ ತಿಳಿಯಿತು. ಒಂದೇ ಸಾಲು, ಕೆಳಗೆ ಮ್ಯಾನೇಜರರ ಕೃತಜ್ಞತೆ. ಅಷ್ಟರಲ್ಲಿ ಮಗಳು ಹುಟ್ಟಿದಳು, ಕೆಲಸ ಬಿಟ್ಟೆ, ಗಂಡನ ಹೊಸ ಕೆಲಸಕ್ಕೆಂದು ಸಗಮಿಹಾರಾಕ್ಕೆ ಬಂದೆವು. ಮರೆತೆ ಎಂದರೆ ಸುಳ್ಳು, ನೆನೆಯಲಿಲ್ಲ ಎಂದರೆ ಸರಿ.

ಕಾವಲಿಯ ಆ ಭಾನುವಾರದ ನಂತರ ಸುಮ್ಮನಿರಲಾಗಲಿಲ್ಲ. ಮಗಳ ವಸಂತದ ರಜೆಯಲ್ಲಿ ಅವಳನ್ನು ಗಂಡನ ಜೊತೆ ಬಿಟ್ಟು ಒಬ್ಬಳೇ ಹೋದೆ. ಯೋಜನೆಯಂತೆಯೇ ಎಲ್ಲವೂ ಮುಗಿದಿತ್ತು. ಚೌಕವಿತ್ತು, ಮರಗಳಿದ್ದವು, ಐಸ್‌ಕ್ರೀಮ್ ಗಾಡಿಯೂ ಇತ್ತು. ಇಲ್ಲದಿದ್ದದ್ದು ಜನ. ಮಾಲಿನ ಮೇಲಿನ ಮಹಡಿಗೆ ಬೀಗ. ಕಲ್ಲಿದ್ದಲ ಉಂಡೆಯ ಚಿತ್ರ ಬಿಸಿಲಿಗೆ ಬಣ್ಣ ಕಳೆದುಕೊಂಡು ಕಸದ ಡಬ್ಬಿಯ ಮೇಲಿತ್ತು. ಗಣಿ ಮುಚ್ಚುವುದಕ್ಕೆ ನೂರು ವರ್ಷ ಹಿಡಿದಿತ್ತು, ಹಡಗುಕಟ್ಟೆಗೆ ಅದಕ್ಕಿಂತ ಕಡಿಮೆ. ಈ ಮೂರನೆಯ ಉದ್ಧಾರಕ್ಕೆ ಹತ್ತು ವರ್ಷವೂ ಬೇಕಾಗಲಿಲ್ಲ. ಚೌಕದ ನಟ್ಟನಡುವೆ ಕಾಂಕ್ರೀಟ್ ಪೀಠದ ಮೇಲೆ ಬಾಗಿದ ಉಕ್ಕಿನ ಪ್ಲೇಟೊಂದನ್ನು ನೆಟ್ಟಿದ್ದರು. ಅಂಚಿನಲ್ಲಿ ನಾನೇ ಬಿಳಿ ಬಣ್ಣದಲ್ಲಿ ಬರೆದಿದ್ದ ಪರೀಕ್ಷೆಯ ಸಂಖ್ಯೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ಕೆಟ್ಟ ಮೂಲೆ ಆಕಾಶಕ್ಕೆ ಎದ್ದು ನಿಂತಿತ್ತು. ನಮ್ಮ ಊರಿನ ಕುಶಲಕರ್ಮಿಗಳ ಅಪ್ರತಿಮ ಕೌಶಲ್ಯದ ನೆನಪಿಗೆ ಎಂದು ಕೆಳಗಿನ ಫಲಕದಲ್ಲಿತ್ತು. ಐವತ್ತು ವರ್ಷದ ಸರಿಯಾದ ಪ್ಲೇಟುಗಳೆಲ್ಲ ಯಾವ ಯಾವುದೋ ಸಮುದ್ರದಲ್ಲಿ ತಿರುಗುತ್ತಿವೆ, ಇವರು ಹುಡುಕಿ ನಿಲ್ಲಿಸಿದ್ದು ಕೆಟ್ಟ ಒಂದನ್ನು. ಕೆಟ್ಟದ್ದೆಂದು ಗೊತ್ತಾಗುವವರು ಆ ಕಚೇರಿಗಳಲ್ಲಿ ಯಾರೂ ಇರಲಿಲ್ಲ.

ಮೇಸ್ತ್ರಿಯ ಮನೆ ಗಣಿಯ ಕಸದ ಗುಡ್ಡದ ಬುಡದಲ್ಲಿತ್ತು. ಬಾಗಿಲು ತೆಗೆದ ಓಕುಸಾನ್ ನನ್ನನ್ನು ಒಂದು ಗಳಿಗೆ ನೋಡಿ, "ಇಂದೋ-ಸಾನ್" ಎಂದರು. ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಒಳಗೆ ಕರೆದು ಫೋಟೋದ ಮುಂದೆ ಕೂರಿಸಿದರು, ಊದುಬತ್ತಿ ಹಚ್ಚಿ ಕೈಮುಗಿದೆ. ಚಹಾ ಬಂತು, ಜೊತೆಗೆ ಬೇಯಿಸಿದ ಗೆಣಸು. ನಾನು ಮೀನು ತಿನ್ನುವುದಿಲ್ಲ ಎಂಬುದು ಅವರಿಗೆ ನೆನಪಿತ್ತು.

"ಕೊನೇವರೆಗೂ ಆ ಚೌಕದ ಕಡೆ ಹೋಗ್ಲಿಲ್ಲ. ಆಸ್ಪತ್ರೆಗೆ ಹೋಗೋಕೂ ಸುತ್ತಿ ಹೋಗ್ತಿದ್ರು" ಎಂದರು. ಅವರು ನನ್ನ ಲೋಟಕ್ಕೆ ಮತ್ತೆ ಚಹಾ ಬಗ್ಗಿಸುತ್ತ, ತೀರ ಸಾಧಾರಣ ದನಿಯಲ್ಲಿ ಮುಂದುವರಿಸಿದರು.

"ಆದ್ರೆ ನಿಮ್ಮ ಬಗ್ಗೆ ಹೇಳೋರು. ಇಂದೋ-ಸಾನ್ ನನ್ನ ಕಾಲು ನೋಡಿದ್ಲು, ಅವಳು ಬರೆದಿರ್ತಾಳೆ, ಕಂಪನಿಯವ್ರು ಓದ್ದೆ ಮುಚ್ಚಿದಾರೆ ಅಷ್ಟೇ ಅಂತ. ಹುಡುಗರು ಬಂದಾಗ್ಲೂ ಅದನ್ನೇ ಹೇಳೋರು. ನನ್ನ ಕೈ ಕೆಟ್ಟಿಲ್ಲ, ಕಾಗದದಲ್ಲಿ ಬರೆದಿದೆ ಅಂತ. ನೀವು ಬರೆದಿದ್ರಿ, ಅಲ್ವಾ?"

ಅವರು ನನ್ನನ್ನು ಪರೀಕ್ಷಿಸುತ್ತಿರಲಿಲ್ಲ. ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಗಂಡ ಹೇಳಿ ಹೋದ ಮಾತಿಗೆ ನನ್ನ ಬಾಯಿಂದ ಒಮ್ಮೆ ಹೌದು ಎಂದು ಕೇಳಬೇಕಿತ್ತು, ಅಷ್ಟೇ.

"ಹೌದು, ಬರೆದಿದ್ದೆ" ಎಂದೆ.

ಓಕುಸಾನ್ ಚಹಾದ ಪಾತ್ರೆ ಕೆಳಗಿಟ್ಟರು. ಎರಡೂ ಅಂಗೈಯನ್ನು ಚಾಪೆಗೆ ಊರಿ, ಹಣೆ ನೆಲಕ್ಕೆ ಮುಟ್ಟುವ ಹಾಗೆ ನನಗೆ ಬಾಗಿದರು. ಅರಿಗಾತೋ ಎಂದರು, ಮತ್ತೊಮ್ಮೆ ಅರಿಗಾತೋ ಎಂದರು. ನಾನೂ ಬಾಗಿದೆ. ಯಾರು ಮೊದಲು ತಲೆಯೆತ್ತಬೇಕೋ ತಿಳಿಯದೆ ಹಾಗೇ ಇದ್ದೆ...

ಇಷ್ಟು ವರ್ಷ 'ಪುನರುಜ್ಜೀವನ'ದ ಮ್ಯಾನೇಜರನ್ನು, ಚಹಾ ಬಾಟಲಿಯ ಅತಿಥಿಗಳನ್ನು, ಬಲೂನು ಹಂಚುವ ಉಂಡೆಯನ್ನು ಹೀಯಾಳಿಸಿಕೊಂಡೇ ನೆಮ್ಮದಿಯಾಗಿದ್ದೆ. ಅವರೆಲ್ಲ ಮೇಸ್ತ್ರಿಯ ಶೆಡ್ಡನ್ನು ಕಳೆದರು. ಮೇಸ್ತ್ರಿ ನಂಬಿದ್ದು ಮಾತ್ರ ಅವರಲ್ಲಿ ಯಾರನ್ನೂ ಅಲ್ಲ. ಆ ಅಡಿಟಿಪ್ಪಣಿಯ ಸಾಲನ್ನು ಇವತ್ತು ಇಲ್ಲಿ ಬರೆದಿದ್ದೇನೆ: ಮೇಸ್ತ್ರಿಯ ಕೈ ಕೆಟ್ಟಿರಲಿಲ್ಲ, ನಾವು ಕೊಟ್ಟ ಬೂಟು ದಪ್ಪವಿತ್ತು. ಇದನ್ನು ಜಪಾನಿ ಭಾಷೆಯಲ್ಲಿ ಬರೆಯುವಷ್ಟು ನನಗೆ ಬರುತ್ತದೆ. ಓಕುಸಾನ್ ಇನ್ನೂ ಇದ್ದಾರೆ, ಓದಲು ಅವರ ಕಣ್ಣು ಚೆನ್ನಾಗಿಯೇ ಇದೆ. ಅದಕ್ಕೇ ಕನ್ನಡದಲ್ಲಿ ಬರೆದೆ.